‘ನಾಳೆ ಕೆಲಸ ಐತೇನ್ರಿ?’ ಅಂದವರಿಗೆ ಏನು ಹೇಳುವುದು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಗೇಟು ನೀರಿನ ಜೊತೆ ಕೊಚ್ಚಿಹೋಯಿತು. ಜಲಾಶಯದಲ್ಲಿ ಆಗ 105 ಟಿಎಂಸಿ ಅಡಿ ನೀರು, ಅಂದರೆ ಅಂಚಿನ ಮಟ್ಟಕ್ಕೆ ತುಂಬಿ ನಿಂತಿತ್ತು. ಬೆಳಗಾಗುವಷ್ಟರಲ್ಲಿ ಸುದ್ದಿ ಹೊಸಪೇಟೆ ದಾಟಿ, ಕಮಲಾಪುರ ದಾಟಿ, ಹೊಳೆದಂಡೆಯ ಬುಕ್ಕಸಾಗರ, ರಾಮಸಾಗರ, ಕಂಪ್ಲಿಯವರೆಗೆ ಹೋಗಿತ್ತು. ಇಲ್ಲಿನವರಿಗೆ ಒಮ್ಮೆಲೇ ಎರಡು ಭಯ. ಈ ವಾರ ಹೊಳೆ ಎಷ್ಟು ಏರುತ್ತದೋ ಎಂಬುದು ಒಂದು. ಇದ್ದ ನೀರೆಲ್ಲ ಹರಿದುಹೋದರೆ ನಾಟಿ ಮಾಡಿದ ಭತ್ತಕ್ಕೆ ಗತಿಯೇನು ಎಂಬುದು ಇನ್ನೊಂದು.

ಜಲಾಶಯದ ಮೇಲೆ ಬದುಕುವ ಊರಿನಲ್ಲಿ ಇಂಥ ಸುದ್ದಿ ಹೊಲದವರಿಗಷ್ಟೇ ಸಂಬಂಧಿಸಿದ್ದಲ್ಲ. ಬಾಳೆಗೊನೆ ಕಡಿಯುವ ಗುಂಪು, ರೈಸ್‌ಮಿಲ್ಲಿನ ಹಮಾಲರು, ಗೊಬ್ಬರದಂಗಡಿಯ ಹುಡುಗರು, ಟ್ರ್ಯಾಕ್ಟರ್ ಡ್ರೈವರುಗಳು, ಹಂಪಿಯ ಲಾಡ್ಜಿನಲ್ಲಿ ರೂಮು ನೋಡಿಕೊಳ್ಳುವವರು, ಎಲ್ಲರ ದುಡಿಮೆಯೂ ಒಂದಲ್ಲ ಒಂದು ತುದಿಯಲ್ಲಿ ಆ ನೀರಿಗೆ ಕಟ್ಟಿಕೊಂಡಿರುತ್ತದೆ. ಅವರೆಲ್ಲ ತಮ್ಮ ಮೇಸ್ತ್ರಿಯನ್ನೋ ಮಾಲೀಕರನ್ನೋ ಕೇಳುವುದು ಒಂದೇ ಮಾತು: “ನಾಳೆ ಕೆಲಸ ಐತೇನ್ರಿ?”

ಈ ಬರಹ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರಿಗೆ. ಹತ್ತು ಜನರ ಗುಂಪು ನಡೆಸುವ ಮೇಸ್ತ್ರಿ ಇರಬಹುದು, ಮಿಲ್ಲಿನ ರೈಟರ್ ಇರಬಹುದು, ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್ ಇರಬಹುದು, ಸ್ವಸಹಾಯ ಸಂಘದ ಅಧ್ಯಕ್ಷೆ ಇರಬಹುದು. ತಂಡ ನಡೆಸುವುದನ್ನು ಕಲಿಸುವ ಪುಸ್ತಕಗಳು ಬೆಂಗಳೂರಿನ ಏಸಿ ಕೋಣೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಆದರೆ ಅನಿಶ್ಚಿತ ಕಾಲವನ್ನು ಹೊಸಪೇಟೆ, ಸಂಡೂರು, ಹಂಪಿ, ಕಂಪ್ಲಿ ಸೀಮೆಯವರಷ್ಟು ಮೇಲಿಂದ ಮೇಲೆ ಕಂಡವರು ಕಡಿಮೆ. 2011ರಲ್ಲಿ ಗಣಿ ನಿಂತಿತು. 2020ರಲ್ಲಿ ಹಂಪಿಗೆ ಬೀಗ ಬಿತ್ತು. 2024ರಲ್ಲಿ ಗೇಟು ಹೋಯಿತು. ಮೂರೂ ಸಲ ಒಂದು ವಿಷಯ ಎದ್ದು ಕಂಡಿತು: ಮುಂದೇನಾಗುತ್ತದೆ ಎಂದು ತಮ್ಮ ಯಜಮಾನನಿಗೆ ಗೊತ್ತಿರಬೇಕು ಎಂದು ಆಳುಗಳು ನಿರೀಕ್ಷಿಸುವುದಿಲ್ಲ. ಮುಂದಿನ ಸುದ್ದಿ ಯಾವಾಗ ಸಿಗುತ್ತದೆ, ಅದನ್ನು ಯಾರು ಹೇಳುತ್ತಾರೆ, ಅಲ್ಲಿಯವರೆಗೆ ಕೂಲಿಯ ಕಥೆಯೇನು, ಇಷ್ಟು ತಿಳಿದರೆ ಅವರು ತಾಳಿಕೊಳ್ಳುತ್ತಾರೆ.

ಯಾವ ನಷ್ಟ ಒಪ್ಪಿಕೊಳ್ಳುತ್ತೀರಿ?

ಗೇಟು ಹೋದ ಮೇಲೆ ಜಲಾಶಯದಲ್ಲಿ ಮಾಡಿದ ಮೊದಲ ಕೆಲಸ ನೋಡುವವರಿಗೆ ವಿಚಿತ್ರವಾಗಿ ಕಂಡಿತ್ತು. ಒಂದು ಗೇಟಿನಿಂದ ಸುಮಾರು 35,000 ಕ್ಯುಸೆಕ್ ನೀರು ತನ್ನಷ್ಟಕ್ಕೆ ಹೋಗುತ್ತಿರುವಾಗ, ಉಳಿದ ಗೇಟುಗಳನ್ನೂ ಎತ್ತಿ ಇನ್ನಷ್ಟು ನೀರು ಬಿಟ್ಟರು. ನದಿಗೆ ಹೋಗುವ ನೀರು ಒಂದು ಲಕ್ಷ ಕ್ಯುಸೆಕ್ ಆಸುಪಾಸಿಗೆ ಮುಟ್ಟಿತು. ಜಲಾಶಯದ 33 ಗೇಟುಗಳೂ ಒಂದೇ ಕಾಲದವು, ಏಳು ದಶಕ ಹಳೆಯವು. ನೀರಿನ ಒತ್ತಡ ಇಳಿಸದೆ ಹೋದರೆ ಇನ್ನೊಂದು ಚೈನು ತುಂಡಾಗುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ನೀರು ಹೋದರೆ ಹೋಗಲಿ, ಅಣೆಕಟ್ಟು ಉಳಿಯಲಿ ಎಂದು ತೀರ್ಮಾನಿಸಿದರು. ಆ ತೀರ್ಮಾನಕ್ಕೆ ದಿನಗಟ್ಟಲೆ ಹಿಡಿಯಲಿಲ್ಲ, ಗಂಟೆಗಳಲ್ಲಿ ಆಯಿತು.

ತಂಡ ನಡೆಸುವವರು ಮೊದಲು ಮಾಡಬೇಕಾದ್ದೂ ಇದೇ. ಎಲ್ಲವನ್ನೂ ಉಳಿಸಿಕೊಳ್ಳುತ್ತೇನೆಂದು ಹೊರಟವನು ಸಾಮಾನ್ಯವಾಗಿ ಎಲ್ಲವನ್ನೂ ಅರ್ಧರ್ಧ ಕಳೆದುಕೊಳ್ಳುತ್ತಾನೆ. ಲಾಭವೋ, ಹೊಸ ಆರ್ಡರೋ, ಸಾಲ ತಂದು ಕಟ್ಟುತ್ತಿದ್ದ ಗೋಡೌನೋ, ಯಾವುದನ್ನು ಕೈಬಿಡುತ್ತೇನೆ ಎಂದು ತನಗೆ ತಾನು ಹೇಳಿಕೊಳ್ಳಬೇಕು, ತಂಡಕ್ಕೂ ಹೇಳಬೇಕು. “ಈ ಸೀಜನ್ನಿಗೆ ಹೊಸ ಮಷೀನು ಇಲ್ಲ, ಇದ್ದ ಹದಿನಾಲ್ಕು ಜನ ಉಳೀಬೇಕು” ಎಂದು ಮಾಲೀಕರು ಬಾಯಿಬಿಟ್ಟು ಹೇಳಿದರೆ ಕೆಲಸಗಾರ ಎಷ್ಟೋ ಲೆಕ್ಕ ತಾನೇ ಹಾಕಿಕೊಳ್ಳುತ್ತಾನೆ.

ಇದಕ್ಕೆ ತದ್ವಿರುದ್ಧದ ಪಾಠ ಸಂಡೂರಿನದು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರು ತೆಗೆಯುವುದನ್ನು ನಿಲ್ಲಿಸಿತು. ಆಗಸ್ಟಿನಲ್ಲಿ ಅದು ಚಿತ್ರದುರ್ಗ, ತುಮಕೂರಿಗೂ ಹಬ್ಬಿತು. ಅದಿರು ಲಾರಿಗಳನ್ನು ಸಾಲದ ಮೇಲೆ ಕೊಂಡಿದ್ದವರು ಆ ದಿನಗಳಲ್ಲಿ ಹೇಳುತ್ತಿದ್ದುದು ಒಂದೇ, “ಇನ್ನೊಂದು ತಿಂಗಳು.” ದಸರೆಗೆ ಶುರುವಾಗುತ್ತದೆ, ಸಂಕ್ರಾಂತಿಗೆ ಶುರುವಾಗುತ್ತದೆ. ಅಕ್ರಮದ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿದ ಗಣಿಗಳಲ್ಲಿ ಎ ವರ್ಗದ ಕೆಲವಕ್ಕೆ 2012ರ ಸೆಪ್ಟೆಂಬರಿನಲ್ಲಿ ಅನುಮತಿ ಸಿಕ್ಕಿತು; ಕೋರ್ಟು ಸಿ ವರ್ಗದ ಗುತ್ತಿಗೆಗಳನ್ನೆಲ್ಲ ರದ್ದು ಮಾಡಿ, ಬಿ ವರ್ಗದವಕ್ಕೆ ಷರತ್ತಿನ ಮೇಲೆ ಅನುಮತಿ ಕೊಟ್ಟದ್ದು 2013ರ ಏಪ್ರಿಲ್ 18ರಂದು. ಇಪ್ಪತ್ತು ತಿಂಗಳು ಮೀರಿತ್ತು. ಆರು ಲಾರಿ ಇದ್ದವರು ಮೊದಲ ಎರಡು ತಿಂಗಳಲ್ಲಿ ಮೂರನ್ನು ಮಾರಿದ್ದರೆ ಉಳಿದ ಮೂರಕ್ಕೆ ಕಂತು ಕಟ್ಟಬಹುದಿತ್ತು. ಎಲ್ಲರೂ ಮಾರಲು ನಿಂತ ಮೇಲೆ ಕೊಳ್ಳುವವರೇ ಇಲ್ಲ. ಇದರಲ್ಲಿ ಡ್ರೈವರು, ಕ್ಲೀನರುಗಳ ಪಾಡು ಇನ್ನೂ ಕಷ್ಟದ್ದು. “ಮುಂದಿನ ತಿಂಗಳು ಬಾ” ಎಂಬ ಮಾತನ್ನು ನಂಬಿ ಬೇರೆ ಕಡೆ ಹೋಗದೆ ಕೂತವರು, ಹೋಗಿದ್ದರೆ ಆಗುತ್ತಿದ್ದ ದುಡಿಮೆಯನ್ನೂ ಕಳೆದುಕೊಂಡರು.

ಹಾಗಾಗಿ ಮೊದಲ ಕಟ್ಟುನಿಟ್ಟು ಇದು: ನಿಮ್ಮ ಕೈಯಲ್ಲಿಲ್ಲದ ತಾರೀಖನ್ನು ನೀವು ಹೇಳಬೇಡಿ. ಕೋರ್ಟಿನ ತಾರೀಖು, ಮಳೆಯ ತಾರೀಖು, ಸರ್ಕಾರದ ಆದೇಶದ ತಾರೀಖು ನಿಮ್ಮವಲ್ಲ. ಸಂಡೂರಿನಲ್ಲೇ ದೋಣಿಮಲೈ ಗಣಿಯ ಉದಾಹರಣೆ ಇದೆ. ಗುತ್ತಿಗೆ ನವೀಕರಣಕ್ಕೆ ರಾಜ್ಯ ಸರ್ಕಾರ ಶೇ 80ರ ಪ್ರೀಮಿಯಂ ಕೇಳಿದ್ದಕ್ಕೆ ಎನ್‌ಎಂಡಿಸಿ 2018ರ ನವೆಂಬರಿನಲ್ಲಿ ಅಲ್ಲಿ ಕೆಲಸ ನಿಲ್ಲಿಸಿತು. ಅಷ್ಟು ದೊಡ್ಡ ಕೇಂದ್ರ ಸರ್ಕಾರಿ ಕಂಪನಿ, ಬೇಗ ಇತ್ಯರ್ಥವಾದೀತು ಎಂದೇ ಯಾರಿಗೂ ಅನ್ನಿಸುತ್ತದೆ. ಮತ್ತೆ ಶುರುವಾದದ್ದು 2021ರ ಫೆಬ್ರುವರಿಯಲ್ಲಿ.

ಸಂಜೆ ಆರೂವರೆಯ ಫೋನು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ಹೇಳಬೇಕೆಂದು ಹೇಳುವುದಿಲ್ಲ. ಬರೀ “ನಂಗೊತ್ತಿಲ್ಲಪ್ಪ” ಎಂದು ಬೆನ್ನು ತಿರುಗಿಸಿದರೆ ಅದಕ್ಕಿಂತ ಸುಳ್ಳೇ ಮೇಲು.

ಒಂದು ಗುಂಪನ್ನು ಕಣ್ಣೆದುರು ತಂದುಕೊಳ್ಳಿ. ಬುಕ್ಕಸಾಗರದ ಕಡೆ ಬಾಳೆ ಕಟಾವಿಗೆ ಹೋಗುವ ಹನ್ನೆರಡು ಜನ. ಇಬ್ಬರು ಗೊನೆ ಕಡಿಯುತ್ತಾರೆ, ಆರೇಳು ಜನ ಹೊತ್ತು ತರುತ್ತಾರೆ, ಉಳಿದವರು ಎಲೆ ಹಾಸಿ ಲಾರಿಗೆ ಜೋಡಿಸುತ್ತಾರೆ. ಹೊಳೆಗೆ ಲಕ್ಷ ಕ್ಯುಸೆಕ್ ಬಿಟ್ಟಿದ್ದಾರೆ, ಇನ್ನೂ ಬಿಡಬಹುದು ಎಂಬ ಸುದ್ದಿ ಇದೆ. ಮೊಬೈಲಿನಲ್ಲಿ ಯಾವುದೋ ಹಳೆಯ ನೆರೆಯ ವಿಡಿಯೊ ಇವತ್ತಿನದೆಂದು ಓಡಾಡುತ್ತಿದೆ. ಬೆಳಿಗ್ಗೆ ಆರೂವರೆಗೆ ಚಹಾದಂಗಡಿ ಮುಂದೆ ಎಲ್ಲರೂ ಸೇರಿದ್ದಾರೆ. ಮೇಸ್ತ್ರಿ ಹೀಗೆ ಹೇಳಬಹುದು:

“ನೋಡ್ರಪಾ, ಇವತ್ತು ಎರಡು ತೋಟದ ಕಟಾವು ಐತಿ. ರೋಡಿನ ಕಡೀದು ಮೊದಲು, ಕೆರೀ ಕಡೀದು ಆಮೇಲೆ. ಹೊಳೀದಂಡಿ ತೋಟಕ್ಕ ಇವತ್ತು ಯಾರೂ ಇಳಿಯಂಗಿಲ್ಲ, ತೋಟದವ್ರು ಎಷ್ಟು ಕರದ್ರೂ ಇಲ್ಲ. ನಾಳೀದು ನನಗ ಗೊತ್ತಿಲ್ಲ. ಲಾರಿ ಕಳಸ್ತೀನೋ ಇಲ್ಲೋ ಅಂತ ವ್ಯಾಪಾರಿ ಸಂಜಿ ಆರಕ್ಕ ಹೇಳ್ತಾನ. ಆರೂವರಿಗೆ ನಾನು ನಿಮಗ ಫೋನ್ ಮಾಡ್ತೀನಿ. ಲಾರಿ ಇಲ್ಲಂದ್ರೂ ಫೋನ್ ಮಾಡ್ತೀನಿ. ಈ ವಾರದ ಕೂಲಿ ಶನಿವಾರನ.”

ಇಷ್ಟೇ. ಎರಡು ನಿಮಿಷದ ಮಾತು. ಇದರಲ್ಲಿ ಇವತ್ತಿನ ಕೆಲಸ ಇದೆ, ಮುಟ್ಟಬಾರದ ಗಡಿ ಇದೆ, ಗೊತ್ತಿಲ್ಲದ್ದು ಏನು ಎಂಬುದೂ ಇದೆ. ಆದರೆ ಇಡೀ ಮಾತಿನ ತೂಕ ಇರುವುದು “ಲಾರಿ ಇಲ್ಲಂದ್ರೂ ಫೋನ್ ಮಾಡ್ತೀನಿ” ಎಂಬಲ್ಲಿ. ಒಳ್ಳೆಯ ಸುದ್ದಿ ಇದ್ದಾಗ ಫೋನ್ ಮಾಡುವುದು, ಕೆಟ್ಟ ಸುದ್ದಿ ಇದ್ದಾಗ ಫೋನೇ ಎತ್ತದಿರುವುದು ನಮ್ಮ ಕಡೆ ಬಹಳ ಮೇಸ್ತ್ರಿಗಳ, ಅದಕ್ಕಿಂತ ಹೆಚ್ಚಾಗಿ ಮಾಲೀಕರ ಚಾಳಿ. ಫೋನು ಬರಲಿಲ್ಲ ಅಂದರೆ ಕೆಲಸ ಇಲ್ಲ ಎಂದು ಆಳುಗಳೇ ಅರ್ಥ ಮಾಡಿಕೊಳ್ಳಬೇಕು. ಒಂದು ವಾರ ಹೀಗಾದರೆ ಮುಂದಿನ ವಾರ ಅವರು ಬೇರೆಯವರ ಫೋನಿಗೆ ಕಾಯುತ್ತಾರೆ. ತಪ್ಪೇನಿದೆ?

ಆರೂವರೆಗೆ ಫೋನ್ ಮಾಡುವಾಗ ಹೇಳಲು ಹೊಸದೇನೂ ಇರದಿದ್ದರೆ, ಅದನ್ನೇ ಹೇಳಿ. “ವ್ಯಾಪಾರಿ ಇನ್ನೂ ಹೇಳಿಲ್ಲ, ರಾತ್ರಿ ಒಂಬತ್ತಕ್ಕ ಇನ್ನೊಮ್ಮೆ ಮಾಡ್ತೀನಿ.” ಹನ್ನೆರಡು ಜನರಿದ್ದರೆ ಹನ್ನೆರಡು ಫೋನು ಮಾಡುವುದು ಕಷ್ಟ ಅನ್ನಿಸಬಹುದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಧ್ವನಿ ಸಂದೇಶ ಸಾಕು. ಓದು ಬರದವರಿಗೂ ಅದು ತಲುಪುತ್ತದೆ. ಆದರೆ ಮೊಬೈಲ್ ಮಗನ ಕೈಯಲ್ಲಿರುವ ಇಬ್ಬರು ಹೆಂಗಸರು ಎಲ್ಲ ಗುಂಪಿನಲ್ಲೂ ಇದ್ದೇ ಇರುತ್ತಾರೆ. ಅವರಿಗೆ ಯಾರು ಹೇಳಬೇಕೆಂದು ಮೊದಲೇ ಗೊತ್ತುಮಾಡಿ.

ಇನ್ನು “ಏನೂ ಆಗಲ್ಲ, ನಾನಿದ್ದೀನಲ್ಲ” ಎನ್ನುವವರ ಬಗ್ಗೆ. ಈ ಮಾತಿನಲ್ಲಿ ಪ್ರೀತಿ ಇರುತ್ತದೆ, ಇಲ್ಲವೆನ್ನಲಾರೆ. ಬಳ್ಳಾರಿ ಸೀಮೆಯಲ್ಲಿ ದಣಿಗಳಾದವರು ಹೀಗೆ ಹೇಳಿ ರೂಢಿ, ಆಳುಗಳಿಗೂ ಕೇಳಿ ರೂಢಿ. ಆದರೆ ಮಗಳ ಕಾಲೇಜು ಫೀಸು ಈ ತಿಂಗಳು ಕಟ್ಟಬೇಕೋ ಮುಂದೂಡಬೇಕೋ ಎಂದು ತೀರ್ಮಾನಿಸಬೇಕಾದವನಿಗೆ ಆ ಮಾತಿನಿಂದ ಕವಡೆ ಪ್ರಯೋಜನವಿಲ್ಲ. ನೀವಿರುವುದು ಅವನಿಗೆ ಗೊತ್ತು. ನಿಮ್ಮ ಹತ್ತಿರ ಎಷ್ಟು ವಾರದ ಕೂಲಿಗೆ ದುಡ್ಡಿದೆ ಎಂಬುದು ಅವನಿಗೆ ಬೇಕು.

ಯಾರು ಎಲ್ಲಿಂದ ಬರುತ್ತಾರೆ ಎಂಬ ಪಟ್ಟಿಯೂ ಮುಖ್ಯ. ಜಲಾಶಯದಿಂದ ಜಾಸ್ತಿ ನೀರು ಬಿಟ್ಟಾಗಲೆಲ್ಲ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಆಗ ಜನ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಸುತ್ತಿ ಓಡಾಡಬೇಕು. ಆಚೆದಡದಿಂದ ಬರುವ ನಾಲ್ವರು ಒಂದೂವರೆ ಗಂಟೆ ತಡವಾಗಿ ಬಂದರೆ ಅರ್ಧ ದಿನದ ಕೂಲಿ ಹಿಡಿಯುವವರನ್ನು ತಂಡ ಮರೆಯುವುದಿಲ್ಲ.

ಐದು ತುಂಡು

ಜಲಾಶಯಕ್ಕೆ ವಾಪಸು ಬರೋಣ. ಹೊಸ ಗೇಟು ಕೂರಿಸಬೇಕೆಂದರೆ ನೀರು ಗೇಟಿನ ತಳಕ್ಕಿಂತ ಕೆಳಗಿಳಿಯಬೇಕು. ಅದಕ್ಕೆ 60 ಟಿಎಂಸಿಯಷ್ಟು ನೀರು ಬಿಡಬೇಕಾದೀತು ಎಂಬುದು ಮೊದಲ ದಿನಗಳ ಅಂದಾಜು. ಅಷ್ಟು ಬಿಟ್ಟರೆ ಆ ವರ್ಷದ ಬೆಳೆಯ ಕಥೆ ಮುಗಿದಂತೆ. ಆಗ ಬಂದವರು ಗೇಟ್ ತಜ್ಞ ಕನ್ನಯ್ಯ ನಾಯ್ಡು. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಇಳಿಸಬಹುದು ಎಂಬುದು ಅವರ ಸಲಹೆ. ಇಡೀ ಗೇಟಿನ ಬದಲು ಅಡ್ಡಡ್ಡವಾಗಿ ಐದು ತುಂಡು ಮಾಡಿದರು. ಸ್ಟಾಪ್‌ಲಾಗ್ ಎನ್ನುವ ಈ ತುಂಡು ಒಂದೊಂದೂ 60 ಅಡಿ ಅಗಲ, 4 ಅಡಿ ಎತ್ತರ. ತೋರಣಗಲ್ಲಿನ ಜಿಂದಾಲ್ ಸೇರಿದಂತೆ ಸುತ್ತಲಿನ ಎಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ಹಗಲೂ ರಾತ್ರಿ ತಯಾರಿ ನಡೆಯಿತು. ಮೊದಲ ಯತ್ನ ಕೈಗೂಡಲಿಲ್ಲ. ಅಡ್ಡಿಯಾದದ್ದನ್ನು ಸರಿಪಡಿಸಿ ಮತ್ತೆ ಇಳಿಸಿದಾಗ, ಆಗಸ್ಟ್ 16ರ ಸಂಜೆ ಮೊದಲ ತುಂಡು ಕೂತಿತು. ಮರುದಿನ ಉಳಿದವೂ ಕೂತವು. ಹೋದದ್ದು ಮೂವತ್ತಕ್ಕೂ ಹೆಚ್ಚು ಟಿಎಂಸಿ. ಸುಮಾರು 70 ಟಿಎಂಸಿ ಉಳಿಯಿತು. ಹಿಂಗಾರಿನ ಮುಂಚೆಯೇ ಮಳೆ ಕೈಹಿಡಿದು ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿತು.

ಗೇಟಿನ ಆ ವಾರದಿಂದ ತಂಡ ನಡೆಸುವವರು ತೆಗೆದುಕೊಳ್ಳಬೇಕಾದ್ದು ಸಾಹಸದ ಕಥೆಯನ್ನಲ್ಲ, ತುಂಡು ಮಾಡಿದ ಲೆಕ್ಕವನ್ನು. ಇಪ್ಪತ್ತು ಅಡಿಯನ್ನು ಒಂದೇ ಸಲ ಮುಚ್ಚುವ ಕೆಲಸ ಸೋತರೆ ಪೂರ್ತಿ ಸೋಲು. ನಾಲ್ಕು ಅಡಿ ಮುಚ್ಚಿದರೆ ಅಷ್ಟು ನೀರಾದರೂ ನಿಲ್ಲುತ್ತದೆ, ಮುಂದಿನ ತುಂಡು ಇಳಿಸುವವನಿಗೆ ಹೇಗೆ ಇಳಿಸಬೇಕೆಂಬುದೂ ತಿಳಿಯುತ್ತದೆ. ಅನಿಶ್ಚಿತ ಕಾಲದಲ್ಲಿ ವರ್ಷದ ಗುರಿ, ಆರು ತಿಂಗಳ ಯೋಜನೆ ಎಂದು ಗೋಡೆಗೆ ಚಾರ್ಟು ಅಂಟಿಸುವ ಮ್ಯಾನೇಜರುಗಳನ್ನು ಕಂಡಾಗ ನನಗೆ ಅಯ್ಯೋ ಅನ್ನಿಸುತ್ತದೆ. ಈ ವಾರ ಮುಗಿಯುವ, ಮುಗಿದದ್ದು ಕಣ್ಣಿಗೆ ಕಾಣುವ ಕೆಲಸ ಕೊಡಿ. ಆರ್ಡರ್ ಇಲ್ಲದ ಮಿಲ್ಲಿನಲ್ಲಿ ಎಲಿವೇಟರ್ ಬೆಲ್ಟು ಬಿಚ್ಚಿ ಸರಿಮಾಡುವುದು, ಹಳೇ ಚೀಲಗಳ ಲೆಕ್ಕ, ಬಾಕಿ ವಸೂಲಿಯ ಪಟ್ಟಿ. ಪ್ರವಾಸಿಗರಿಲ್ಲದ ಹೋಂಸ್ಟೇಯಲ್ಲಿ ನಲ್ಲಿ, ಸ್ವಿಚ್ಚು, ಬಣ್ಣ. ಬಿಡುವಿನಲ್ಲಿ ಮಾಡಿಸಿದ ದುರಸ್ತಿ ಸೀಜನ್ನಿನಲ್ಲಿ ಉಳಿಸುವ ದುಡ್ಡು ಒಂದು ಕಡೆ ಇರಲಿ. ಸುಮ್ಮನೆ ಕೂತ ತಂಡ ಮೂರನೇ ದಿನಕ್ಕೆ ಜಗಳ ಶುರು ಮಾಡುತ್ತದೆ.

ಇನ್ನೊಂದು ವಿಷಯ ದಣಿವು. ಹರಿಯುವ ನೀರಿನ ಮೇಲೆ, ಕ್ರೇನಿಗೆ ತೂಗುಹಾಕಿದ ಉಕ್ಕಿನ ಪಕ್ಕ ನಿಂತು ಕೆಲಸ ಮಾಡಿದವರ ಫೋಟೊಗಳನ್ನು ಆ ವಾರ ಎಲ್ಲ ಪತ್ರಿಕೆಗಳೂ ಹಾಕಿದವು. ಅಂಥ ಕೆಲಸದಲ್ಲಿ “ಈಗ ಬೇಡ, ಗಾಳಿ ಜಾಸ್ತಿ ಐತಿ” ಎಂದು ಕೆಳಗಿನವನು ಹೇಳಿದರೆ ಮೇಲಿನವನು ನಿಲ್ಲಿಸಲೇಬೇಕು. ನಿಮ್ಮ ಕೆಲಸ ಅಷ್ಟು ಅಪಾಯದ್ದಲ್ಲದಿರಬಹುದು. ಆದರೂ ತುರ್ತಿನ ಹೆಸರಿನಲ್ಲಿ ಒಬ್ಬನನ್ನೇ ಮೂರು ಶಿಫ್ಟ್ ದುಡಿಸುವುದು, ಊಟದ ಹೊತ್ತಿಗೆ ಮೀಟಿಂಗ್ ಕರೆಯುವುದು ಎಲ್ಲ ಕಡೆ ನಡೆಯುತ್ತದೆ. ನಿದ್ದೆಗೆಟ್ಟ ಸೂಪರ್‌ವೈಸರ್ ಬೆಳಗಿನ ಜಾವ ತೆಗೆದುಕೊಂಡ ತೀರ್ಮಾನವನ್ನು ಬೆಳಿಗ್ಗೆ ಹತ್ತಕ್ಕೆ ಇನ್ನೊಬ್ಬರು ಒಮ್ಮೆ ನೋಡಲಿ.

ನಿವೃತ್ತರ ಫೋನ್ ನಂಬರ್

ಗೇಟು ಹೋದಾಗ ಕನ್ನಯ್ಯ ನಾಯ್ಡು ಅವರಂಥ ಹಳಬರನ್ನು ಹುಡುಕಬೇಕಾಗಿ ಬಂದದ್ದರ ಹಿಂದೆ ಹೊಸಪೇಟೆಯವರಿಗೆ ಗೊತ್ತಿರುವ ಒಂದು ನೋವಿದೆ. ಜಲಾಶಯದ ಮಗ್ಗುಲಲ್ಲೇ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕೇಂದ್ರ ಸರ್ಕಾರದ ಕಾರ್ಖಾನೆ ಇತ್ತು. ಊರಿನವರ ಬಾಯಲ್ಲಿ ಟಿಎಸ್‌ಪಿ. ಅಣೆಕಟ್ಟುಗಳಿಗೆ ಗೇಟು ಮಾಡಿಕೊಡುವುದೇ ಅದರ ಕಸುಬು. ನಷ್ಟದಲ್ಲಿದೆ ಎಂದು ಅದನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2015ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಒಂಬತ್ತು ವರ್ಷ ಕಳೆಯುವ ಮೊದಲೇ ಅದೇ ಜಲಾಶಯದ ಗೇಟು ಹೋಯಿತು. ನಷ್ಟದ ಕಾರ್ಖಾನೆ ಮುಚ್ಚಬಾರದಿತ್ತೇ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಆದರೆ ಕಾರ್ಖಾನೆ ಮುಚ್ಚುವಾಗ ಅಲ್ಲಿನ ಯಂತ್ರಗಳ ಬೆಲೆ ಕಟ್ಟುತ್ತಾರೆ, ನೆಲದ ಬೆಲೆ ಕಟ್ಟುತ್ತಾರೆ, ಫಿಟ್ಟರುಗಳ ಕೈಯಲ್ಲಿದ್ದ ವಿದ್ಯೆಯ ಬೆಲೆ ಕಟ್ಟುವ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ.

ಸಣ್ಣ ತಂಡಗಳಲ್ಲೂ ಇದೇ ನಡೆಯುತ್ತದೆ. ಖರ್ಚು ಇಳಿಸಬೇಕೆಂದಾಗ ಮೊದಲು ಕಣ್ಣಿಗೆ ಬೀಳುವವನು ಸಂಬಳ ಜಾಸ್ತಿ ಇರುವ ಹಳಬ. ಅವನನ್ನು ಕಳಿಸಿ ಇಬ್ಬರು ಹುಡುಗರನ್ನು ತಂದರೆ ಲೆಕ್ಕ ಸರಿಯಾಗುತ್ತದೆ. ಮಳೆಗಾಲದಲ್ಲಿ ಮಿಲ್ಲಿನ ಡ್ರೈಯರ್ ಕೈಕೊಟ್ಟಾಗ ಯಾವ ವಾಲ್ವು ಯಾವ ಕಡೆ ತಿರುಗಿಸಬೇಕೆಂಬುದು ಅವನೊಬ್ಬನಿಗೇ ಗೊತ್ತಿತ್ತು ಎಂಬುದು ಆಮೇಲೆ ತಿಳಿಯುತ್ತದೆ. ಅವನನ್ನು ಕಳಿಸಲೇಬೇಕಾದರೂ ಕೊನೆಯ ತಿಂಗಳು ಒಬ್ಬ ಹುಡುಗನನ್ನು ಅವನ ಬೆನ್ನಿಗೆ ಹಚ್ಚಿ. ಮೊಬೈಲಿನಲ್ಲಿ ವಿಡಿಯೊ ಮಾಡಿಸಿಡಿ. ಮಾನ ಮರ್ಯಾದೆಯಿಂದ ಕಳಿಸಿಕೊಡಿ. ಮುಂದೊಂದು ದಿನ ಅಪರಾತ್ರಿಯಲ್ಲಿ ಅವನಿಗೆ ಫೋನ್ ಮಾಡಬೇಕಾಗುತ್ತದೆ.

ದುಡ್ಡಿನ ಮಾತು

ಇದನ್ನು ಎಲ್ಲರೂ ಕೊನೆಗೆ ತಳ್ಳುತ್ತಾರೆ, ತಂಡ ಮೊದಲು ಕೇಳುವುದು ಇದನ್ನೇ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಐವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆ, ಗಣಿಗಳಲ್ಲಿ ಕೆಲಸವಿಲ್ಲವೆಂದು ತಾತ್ಕಾಲಿಕವಾಗಿ ಕೂರಿಸಿದರೆ, ಅಂದರೆ ಲೇ-ಆಫ್ ಮಾಡಿದರೆ, ಒಂದು ವರ್ಷ ಸೇವೆ ಪೂರೈಸಿದ ಕಾಯಂ ಕೆಲಸಗಾರನಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕು. ಪೂರ್ತಿ ತೆಗೆಯುವುದಾದರೆ ಸಾಮಾನ್ಯವಾಗಿ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ. ಕೊನೆಗೆ ಸೇರಿದವನು ಮೊದಲು ಹೋಗಬೇಕು ಎಂಬುದು ಸಾಮಾನ್ಯ ನಿಯಮ. ಮತ್ತೆ ಜನ ಬೇಕಾದಾಗ ತೆಗೆದವರಿಗೇ ಮೊದಲ ಕರೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿದ್ದ ಈ ಮುಖ್ಯ ಕಟ್ಟಳೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಮುಂದುವರಿದಿವೆ. ಇಎಸ್‌ಐ ಇರುವವರು ಕೆಲಸ ಕಳೆದುಕೊಂಡರೆ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯಡಿ ಸರಾಸರಿ ದಿನಗೂಲಿಯ ಅರ್ಧದಷ್ಟನ್ನು 90 ದಿನಗಳವರೆಗೆ ಪಡೆಯುವ ಅವಕಾಶ ಇತ್ತೀಚಿನ ವರ್ಷಗಳಲ್ಲಿ ಇದೆ. ಇದರ ಅವಧಿ ಆಗಾಗ ವಿಸ್ತರಣೆಯಾಗುತ್ತ ಬಂದಿರುವುದರಿಂದ ಅರ್ಜಿಗೆ ಮೊದಲು ಇಎಸ್‌ಐ ಕಚೇರಿಯಲ್ಲಿ ಚಾಲ್ತಿಯ ನಿಯಮ ಕೇಳಿ. ನಿಮ್ಮ ಕೆಲಸಗಾರನಿಗೆ ಇದು ಗೊತ್ತಿರುವ ಸಂಭವ ಕಡಿಮೆ. ಅವನ ಪರವಾಗಿ ನೀವೇ ಒಮ್ಮೆ ಹೋಗಿ ಬಂದರೆ ಕಳೆದುಕೊಳ್ಳುವುದೇನಿಲ್ಲ.

ಆದರೆ ಈ ಸೀಮೆಯ ಹೆಚ್ಚಿನ ತಂಡಗಳು ಐವತ್ತು ಜನ ಮುಟ್ಟುವುದಿಲ್ಲ. ಕಬ್ಬು, ಭತ್ತ, ಬಾಳೆಯದ್ದೆಲ್ಲ ಸೀಜನ್ನಿನ ಕೆಲಸ; ಸೀಜನ್ ಉದ್ಯಮಗಳಿಗೆ ಲೇ-ಆಫ್ ಪರಿಹಾರ ಅನ್ವಯಿಸುವುದೂ ಇಲ್ಲ. ಅಲ್ಲೆಲ್ಲ ಕೆಲಸವಿಲ್ಲದೆ ಕೂರಿಸಿದ ದಿನಗಳ ಮಟ್ಟಿಗೆ ನಿಮ್ಮ ಮಾತೇ ಕಾನೂನು. ಹತ್ತು ಜನರಲ್ಲಿ ಐವರನ್ನು ತೆಗೆಯುವುದೋ, ಹತ್ತೂ ಜನಕ್ಕೆ ವಾರದಲ್ಲಿ ಮೂರು ದಿನ ಕೆಲಸ ಹಂಚುವುದೋ? ಕೇಳಿದರೆ ಹೆಚ್ಚಿನ ತಂಡಗಳು ಹಂಚೋಣ ಎಂದೇ ಹೇಳುತ್ತವೆ, ಮೊದಮೊದಲು ಅದು ಚೆನ್ನಾಗಿಯೇ ನಡೆಯುತ್ತದೆ. ನನ್ನ ಅಂದಾಜಿಗೆ ಎರಡು ಮೂರು ತಿಂಗಳ ಮಟ್ಟಿಗೆ ಅದು ಸರಿಯಾದ ದಾರಿ. ಅದಕ್ಕಿಂತ ಎಳೆದರೆ ಎಲ್ಲರೂ ಅರೆಹೊಟ್ಟೆ. ಆಗ ಯಾರಿಗೆ ಬೇರೆ ಕಡೆ ಕೈಹಿಡಿಯುವವರಿದ್ದಾರೋ ಅವರನ್ನು ಕೂರಿಸಿಕೊಂಡು ನೇರವಾಗಿ ಮಾತಾಡಿ, “ಜೂನ್‌ವರೆಗೆ ಹೋಗಿ ಬಾ, ಜೂನ್‌ನಾಗ ನಿನ್ನ ಜಾಗ ಇಲ್ಲೇ ಐತಿ” ಎಂದು ಚೀಟಿಯಲ್ಲಿ ಬರೆದುಕೊಟ್ಟು ಕಳಿಸುವುದು ವಾಸಿ. ಬರೆದುಕೊಡಲು ಧೈರ್ಯವಿಲ್ಲದಿದ್ದರೆ ಆ ಮಾತು ಆಡಲೂಬೇಡಿ.

ಮುಂಗಡದ ಬಗ್ಗೆ ಎಚ್ಚರ. ಕಷ್ಟಕಾಲದಲ್ಲಿ ಕೊಟ್ಟ ಮುಂಗಡ ಉಪಕಾರದಂತೆ ಶುರುವಾಗಿ ಬೇಗನೆ ಹಗ್ಗವಾಗುತ್ತದೆ. ಎಷ್ಟು ಕೊಟ್ಟಿರಿ, ವಾರಕ್ಕೆ ಎಷ್ಟು ಮುರಿಯುತ್ತೀರಿ ಎಂಬುದು ಇಬ್ಬರ ಹತ್ತಿರವೂ ಬರಹದಲ್ಲಿರಲಿ. ಮುಂಗಡ ತೀರಿಲ್ಲವೆಂದು ಆಳನ್ನು ಬೇರೆಡೆ ಹೋಗದಂತೆ ತಡೆಯುವುದು ಜೀತ. 1976ರ ಜೀತಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ.

ಎರಡನೇ ಪೆಟ್ಟು

ಹಂಪಿಯವರು ಕಲಿತದ್ದು ಬೇರೆಯೇ ಪಾಠ. ಕೋವಿಡ್ ಕಾರಣಕ್ಕೆ ಪುರಾತತ್ತ್ವ ಇಲಾಖೆ 2020ರ ಮಾರ್ಚ್ 17ರಂದು ಸ್ಮಾರಕಗಳನ್ನು ಮುಚ್ಚಿ ಜುಲೈ 6ರಿಂದ ತೆರೆಯಲು ಅನುಮತಿಸಿತು. ಗೈಡುಗಳು, ಆಟೊದವರು, ಹೋಟೆಲಿನವರು ಕೂಡಿಟ್ಟದ್ದನ್ನು ಕರಗಿಸಿ ಹೇಗೋ ದಾಟಿದರು. ಚಳಿಗಾಲದಲ್ಲಿ ಒಂದಿಷ್ಟು ಜನ ಬಂದರು, ಉಸಿರು ಬಂತು. 2021ರ ಏಪ್ರಿಲ್ 16ರಂದು ಮತ್ತೆ ಬೀಗ, ಜೂನ್ ಮಧ್ಯದವರೆಗೆ. ದಿನಗಳ ಲೆಕ್ಕದಲ್ಲಿ ಎರಡನೆಯದು ಚಿಕ್ಕದು. ಮನೆಯ ಲೆಕ್ಕದಲ್ಲಿ ದೊಡ್ಡದು, ಯಾಕೆಂದರೆ ಆ ಹೊತ್ತಿಗೆ ಡಬ್ಬಿ ಬರಿದಾಗಿತ್ತು.

ಮೊದಲ ಪೆಟ್ಟಿಗೆ ತಂಡ ಒಗ್ಗಟ್ಟಾಗುತ್ತದೆ, ಎರಡನೆಯದಕ್ಕೆ ಚದುರುತ್ತದೆ. ಹಾಗಾಗಿ ಮೊದಲನೆಯದು ಮುಗಿದ ಕೂಡಲೇ ಸಿಕ್ಕ ಆದಾಯದಲ್ಲಿ ಹಳೆಯ ನಷ್ಟ ತುಂಬಿಕೊಳ್ಳುವ ಆತುರ ಬೇಡ. ಒಂದು ತಿಂಗಳ ಸಂಬಳದಷ್ಟನ್ನಾದರೂ ಪ್ರತ್ಯೇಕ ಖಾತೆಯಲ್ಲಿಡಿ, ಇಟ್ಟಿದ್ದೇನೆಂದು ತಂಡಕ್ಕೆ ಹೇಳಿ. ಕೆಲಸ ಪೂರ್ತಿ ನಿಂತ ದಿನಗಳಲ್ಲೂ ವಾರಕ್ಕೊಮ್ಮೆ ಪ್ರತಿಯೊಬ್ಬರಿಗೆ ಫೋನ್ ಮಾಡಿ. “ಏನಪಾ, ಮನ್ಯಾಗ ಎಲ್ಲಾ ಆರಾಮ?” ಅಷ್ಟು ಸಾಕು. ಅಡುಗೆಭಟ್ಟನೊಬ್ಬ ಊರಿಗೆ ಹೋಗಿ ಹೊಲ ಹಿಡಿದ ಮೇಲೆ ವಾಪಸು ಬರುವುದೂ ಬಿಡುವುದೂ ಸಂಬಳದ ಮೇಲಷ್ಟೇ ನಿಂತಿರುವುದಿಲ್ಲ; ಕೆಲಸ ನಿಂತ ತಿಂಗಳುಗಳಲ್ಲಿ ಯಾರು ವಿಚಾರಿಸಿದರು ಎಂಬುದರ ಮೇಲೂ ನಿಂತಿರುತ್ತದೆ.

ತಂಡ ನಡೆಸುವವರೂ ಮನುಷ್ಯರೇ. ಆಳುಗಳೆದುರು ಗಟ್ಟಿಯಾಗಿ ನಿಂತು ಮನೆಗೆ ಹೋಗಿ ಸಿಡಿಮಿಡಿಗುಟ್ಟುವವರು ಬಹಳ. ನಿಮ್ಮದೇ ಕಸುಬಿನ, ನಿಮ್ಮ ತಂಡದ ಹೊರಗಿನ ಒಬ್ಬರ ಜೊತೆ ವಾರಕ್ಕೊಮ್ಮೆ ಚಹಾ ಕುಡಿಯಿರಿ. ಪೈಪೋಟಿಯ ಮಿಲ್ಲಿನವನಾದರೂ ಅಡ್ಡಿಯಿಲ್ಲ, ಅವನಿಗೂ ಇದೇ ಕಷ್ಟ.

ಮೊದಲೇ ಗೊತ್ತಿರುವ ಕಷ್ಟ

ಗೇಟಿನ ಕಥೆ ಆಗಸ್ಟ್ 17ಕ್ಕೆ ಮುಗಿಯಲಿಲ್ಲ. 33 ಗೇಟುಗಳನ್ನೂ ಬದಲಿಸಬೇಕೆಂಬ ತಜ್ಞರ ಸಲಹೆಯಂತೆ, 2025ರ ಮುಂಗಾರಿನಲ್ಲಿ ಜಲಾಶಯದ ನೀರನ್ನು 80 ಟಿಎಂಸಿ ಆಸುಪಾಸಿಗೆ ಮಿತಿಗೊಳಿಸಿದರು. ಹೊಸ ಗೇಟುಗಳ ಕೆಲಸಕ್ಕಾಗಿ ಆ ಸಾಲಿನ ಎರಡನೇ ಬೆಳೆಗೆ ನೀರಿಲ್ಲ ಎಂದೂ ತೀರ್ಮಾನವಾಯಿತು. ರೈತರ ಸಿಟ್ಟು ಸಹಜ. ಆದರೆ ಮೇಸ್ತ್ರಿಯ ಕಣ್ಣಿನಿಂದ ನೋಡಿದರೆ ಇದು 2024ರ ರಾತ್ರಿಗಿಂತ ಬೇರೆ ಬಗೆಯ ಕಷ್ಟ. ಯಾವ ತಿಂಗಳು ನಾಟಿ ಇಲ್ಲ, ಯಾವ ತಿಂಗಳು ಕಟಾವು ಇಲ್ಲ ಎಂಬುದು ಮುಂಚೆಯೇ ಗೊತ್ತಿರುವಂಥದ್ದು.

ಇಂಥ ಕಾಲಕ್ಕೆ ಒಂದು ಹಾಳೆ ಸಾಕು. ಡಿಸೆಂಬರಿನಿಂದ ಜೂನ್‌ವರೆಗೆ ತಿಂಗಳುಗಳನ್ನು ಬರೆದು, ಪ್ರತಿ ತಿಂಗಳ ಮುಂದೆ ಖಚಿತವಾಗಿ ಇರುವ ಕೆಲಸವನ್ನಷ್ಟೇ ಬರೆಯಿರಿ. ಬಾಳೆ ಕಟಾವು ಎಷ್ಟು ತೋಟ, ಕಬ್ಬು ಯಾರದ್ದು, ಕಾಲುವೆ ದುರಸ್ತಿಗೆ ಗುತ್ತಿಗೆದಾರರು ಜನ ಕೇಳಿದ್ದಾರೆಯೇ, ಹಂಪಿಯ ಸೀಜನ್ನಿಗೆ ಹೋಟೆಲುಗಳಲ್ಲಿ ಎಷ್ಟು ಜನಕ್ಕೆ ಜಾಗ. ಖಾಲಿ ಉಳಿದ ತಿಂಗಳುಗಳನ್ನು ಖಾಲಿಯಾಗಿಯೇ ಬಿಡಿ, ಪೆನ್ಸಿಲಿನಲ್ಲಿ ಆಸೆ ತುಂಬಬೇಡಿ. ಆ ಹಾಳೆಯನ್ನು ಮಕ್ಕಳ ಶಾಲೆ ಬಿಡಿಸಿ ಬೆಂಗಳೂರಿಗೆ ಗುಳೆ ಹೋಗುವ ಯೋಚನೆಯಲ್ಲಿರುವ ಮನೆಗಳಿಗೆ ಮೊದಲು ತೋರಿಸಿ. ಎರಡು ತಿಂಗಳು ಖಾಲಿ ಇದ್ದರೆ ಗಂಡಸೊಬ್ಬ ಹೋಗಿ ಬರಬಹುದು, ಹೆಂಡತಿ ಮಕ್ಕಳು ಇಲ್ಲೇ ಇರಬಹುದು. ಐದು ತಿಂಗಳು ಖಾಲಿ ಇದ್ದರೆ ಅವರ ಲೆಕ್ಕವೇ ಬೇರೆ, ಅದನ್ನು ಅವರು ಪರೀಕ್ಷೆ ಮುಗಿಯುವ ಮುಂಚೆ ಹಾಕಬೇಕು. ಹಾಳೆ ಬದಲಾದ ದಿನವೇ ಹೊಸದನ್ನು ಅಂಟಿಸಿ, ಹಳೆಯದರ ಮೇಲೆ ತಾರೀಖು ಹಾಕಿ ಎತ್ತಿಡಿ.